ಮಾತು ಬಿಟ್ಟವರ ಜೀಪು

ಜಮಖಂಡಿ
9 ಜೂನ್ 2025

ಚಿರಂಜೀವಿ ತುಕಾರಾಮನಿಗೆ,

ಚಿರಂಜೀವಿ ಎಂದು ಬರೆದದ್ದು ರೂಢಿಗಾಗಿ. ಅದರಿಂದ ನೀನು ಏನೇನೋ ಅಂದುಕೊಳ್ಳಬೇಡ. ಆರು ವರ್ಷದ ಹಿಂದೆ ಬೀರಪ್ಪ ದೇವರ ಅರಿಶಿನದ ಭಂಡಾರ ಮುಟ್ಟಿ, ನಿನ್ನ ಕೂಡ ಮಾತಾಡುವುದಿಲ್ಲ ಎಂದು ಆಣೆ ಮಾಡಿದವಳು ನಾನೇ. ಆ ಆಣೆ ಹಾಗೆಯೇ ಇದೆ. ಆದರೆ ಬರೆಯುವುದಿಲ್ಲ ಎಂದು ಆಣೆ ಮಾಡಿರಲಿಲ್ಲ. ಇದು ನನಗೆ ನಿನ್ನೆ ರೊಟ್ಟಿ ಬಡಿಯುವಾಗ ಹೊಳೆಯಿತು. ಫೋನಿನಲ್ಲಿ ಬರೆಯಬಹುದಿತ್ತು. ಆದರೆ ನಿನ್ನ ನಂಬರನ್ನು ಬ್ಲಾಕ್ ಮಾಡಿದ್ದೇನೆ. ಅದನ್ನು ತೆಗೆಯುವುದು ಹೇಗೆಂದು ಮಗಳನ್ನು ಕೇಳಿದರೆ ಅವಳು ನಗುತ್ತಾಳೆ.

ನನ್ನ ಮಗಳು, ನಿನ್ನ ಸೋದರ ಸೊಸೆ ರೇಷ್ಮಾಗೆ ನೌಕರಿ ಸಿಕ್ಕಿದ್ದು ನಿನ್ನ ಕಿವಿಗೆ ಬಿದ್ದಿರಬೇಕು. ಬೀಳಗಿಯ ಆಚೆ ಒಂದು ಹಳ್ಳಿಯ ದನದ ದವಾಖಾನೆ. ದಿನಾ ಜಮಖಂಡಿಯಿಂದಲೇ ಹೋಗಿ ಬರುತ್ತಾಳೆ. ಮಳೆ ಬಿದ್ದಾಗ ಆ ಕಡೆಯ ಎರೆಮಣ್ಣು ಸ್ಕೂಟರಿನ ಗಾಲಿಗೆ ಹೇಗೆ ಮೆತ್ತಿಕೊಳ್ಳುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ರವಿವಾರ ಮುಧೋಳದಲ್ಲಿ ಮಕ್ಕಳಿಗೆ ಕುದುರೆ ಸವಾರಿ ಕಲಿಸುತ್ತಾಳೆ. ಎರಡು ಕುದುರೆಗಳು ನಮ್ಮ ಹಿತ್ತಲಲ್ಲೇ ಇವೆ. ಅವನ್ನು ಹೇರಿಕೊಂಡು ಹೋಗಲು ಒಂದು ಟ್ರೇಲರು ಮಾಡಿಸಿದ್ದಾಳೆ, ಎಳೆಯಲು ಗಾಡಿ ಇಲ್ಲ. ನಾಲ್ಕೂ ಗಾಲಿ ಎಳೆಯುವ ಜೀಪು ಬೇಕಂತೆ. ಹೊಸದು ನಮ್ಮಂಥವರ ಕೈಗೆಟುಕುವ ಮಾತಲ್ಲ.

ಬನಹಟ್ಟಿಯಲ್ಲಿ ಪ್ರಭುಲಿಂಗ ಎಂಬ ನೂಲಿನ ವ್ಯಾಪಾರಿ ಒಂದು ಹಳೆಯ ಜೀಪು ಮಾರುವವನಿದ್ದಾನೆ. ಹೋಗಿ ನೋಡಿ ಬಂದೆವು. ರೇಷ್ಮಾ ನೋಡಿದ ಕೂಡಲೇ ಮರುಳಾದಳು. ನನಗೆ ಮಾತ್ರ ಸಂಶಯ. ನೂಲಿನ ವ್ಯಾಪಾರಿಗೆ ಇಂಥ ಗಾಡಿ ಯಾಕೆ ಬೇಕಿತ್ತು? ಈಗ ಯಾಕೆ ಬೇಡವಾಯಿತು? ಎರಡು ಸಲ ಚಹಾ ಕುಡಿಸಿದ. "ನಿಮ್ಮಂಥಾ ಮಾಸ್ತರ ಮಂದಿಗೆ ಕೊಟ್ರ ಗಾಡಿ ಛಲೋ ಮನಿ ಸೇರಿದಂಗ ನೋಡ್ರಿ" ಅಂದ. ಹೆಣ್ಣು ಕೊಡುವವರೂ ಇಷ್ಟು ಸವಿಯಾಗಿ ಮಾತಾಡುವುದಿಲ್ಲ. ಗಾಡಿಯೊಳಗೆ ಊದಿನಕಡ್ಡಿ ಹಚ್ಚಿದ್ದ. ಯಾವ ವಾಸನೆ ಮುಚ್ಚಲು?

ಇಲ್ಲಿಯ ಮೆಕ್ಯಾನಿಕ್‌ಗಳೆಲ್ಲ ಅವನ ಪರಿಚಯದವರು. ನೀನು ಲೋಕಾಪುರದಲ್ಲಿ ಟೆಂಪೋ ಇಟ್ಟುಕೊಂಡು ಇಷ್ಟು ವರ್ಷ ಬಾಡಿಗೆ ಹೊಡೆದಿದ್ದೀಯ, ಗಾಡಿಯ ಹೊಟ್ಟೆಯೊಳಗಿನದು ನಿನಗೆ ತಿಳಿಯುತ್ತದೆ. ಹೋಗಿ ನೋಡು. ನನ್ನ ತಮ್ಮ ಎಂದು ಹೇಳಬೇಡ. ಅದೇನು ಹೇಳಿಕೊಳ್ಳುವ ಸಂಗತಿಯೂ ಅಲ್ಲ.

ಮಾತು ಬಿಟ್ಟಿರುವ
ತಾಯವ್ವ

---

ಲೋಕಾಪುರ
17 ಜೂನ್

ಅಕ್ಕಾ,

ಕಾಗದ ಮುಟ್ಟಿತು. ನಿನ್ನ ಕೈಬರಹ ನೋಡಿ ಯಾರೋ ಹೋಗಿಬಿಟ್ಟರು ಅಂದುಕೊಂಡೆ. ಒಡೆಯುವ ಮೊದಲು ನೀರು ಕುಡಿದೆ.

ಜೀಪು ನೋಡಿದೆ. ಊದಿನಕಡ್ಡಿಯ ಬಗ್ಗೆ ನಿನ್ನ ಸಂಶಯ ಖರೆ. ಸೀಟಿನ ಕೆಳಗಿನ ಹಾಸು ಎತ್ತಿದರೆ ಹೊಳೆಯ ಸಣ್ಣ ರಾಡಿ ಒಣಗಿ ಪುಡಿಯಾಗಿ ಕೂತಿದೆ. ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದೆ. ಹೊರಗೆ ಕಾಣುವ ಭಾಗ ಸ್ವಚ್ಛ, ಒಳಗೆ ಸುತ್ತಿಕೊಂಡಿದ್ದ ಭಾಗಕ್ಕೆ ಕೆಸರಿನ ಗೆರೆ ಇದೆ. ಅವನ ಹೊಲ ಕೃಷ್ಣೆಯ ದಂಡೆಯಲ್ಲಿದೆ. ಮಹಾಪೂರದಲ್ಲಿ ಗಾಡಿ ಮುಳುಗಿತ್ತು, ತೊಳೆದು ಬಣ್ಣ ಹೊಡೆದಿದ್ದಾನೆ. ನಾಲ್ಕೂ ಗಾಲಿಗೆ ಬಲ ಕೊಡುವ ಲಿವರು ತುಕ್ಕು ಹಿಡಿದಿದೆ, ಬೀಳುವುದೇ ಇಲ್ಲ. ಬ್ರೇಕು ಒಮ್ಮೆ ಹಿಡಿಯಿತು, ಒಮ್ಮೆ ಹಿಡಿಯದೆ ಪೆಡಲು ಪೂರ್ತಿ ಒಳಗೆ ಹೋಯಿತು.

ಇದೇ ಗಾಡಿ ಒಂದು ವರ್ಷ ಏನೂ ಆಗದೆ ಓಡಲೂಬಹುದು. ಮೊದಲ ಇಳಿಜಾರಿನಲ್ಲೇ ಕೈ ಕೊಡಲೂಬಹುದು. ತಗೊಳ್ಳಬೇಡ.

ನಿನ್ನ ಮನೆಯವರು ಗಂಗಾರಾಮ ಮಾಮಾ ಆರಾಮ ಇದ್ದಾರೆಂದು ನಂಬಿದ್ದೇನೆ. ರೇಷ್ಮಾಳ ನೌಕರಿ ಸುದ್ದಿ ಕೇಳಿದ ದಿನ ಇಲ್ಲಿ ಸ್ಟ್ಯಾಂಡಿನಲ್ಲಿದ್ದ ಎಲ್ಲರಿಗೂ ಪೇಢೆ ಹಂಚಿದ್ದೆ.

ತುಕಾರಾಮ

---

ಜಮಖಂಡಿ
26 ಜೂನ್

ತುಕಾರಾಮನಿಗೆ,

ಎಷ್ಟು ಬೇಗ ಬೇಡ ಅಂದುಬಿಟ್ಟೆಯಲ್ಲ! ಹಿಂದೆ ನೀನು ಒಂದು ಟೆಂಪೋ ತಗೊಳ್ಳುವ ಮೊದಲು ಮೂರು ತಿಂಗಳು ಊರೂರು ತಿರುಗಿದ್ದು ನನಗೆ ನೆನಪಿದೆ. ಈ ಜೀಪಿಗೆ ಮಾತ್ರ ಒಂದೇ ಭೇಟಿಯಲ್ಲಿ ತೀರ್ಪು.

ಅಮಸಿದ್ದಪ್ಪ ಗೊತ್ತಲ್ಲ, ನಮ್ಮ ಮನೆಯವರ ಚಿಕ್ಕಪ್ಪನ ಮಗ, ಬನಹಟ್ಟಿಯಲ್ಲಿ ಆಟೋ ಓಡಿಸುವವನು. ಅವನು ಮೊನ್ನೆ ಬಂದಿದ್ದ. "ತುಕಾರಾಮಣ್ಣ ಪ್ರಭುಲಿಂಗನ ಕಟ್ಟಿ ಮ್ಯಾಲ ಕುಂತು ಮಿರ್ಚಿ ಭಜಿ ತಿನ್ನಾಕತ್ತಿದ್ದ. ಇಬ್ರೂ ಭಾಳ ನಗಾಕತ್ತಿದ್ರು ನೋಡ್ರಿ" ಅಂದ. ನೋಡಲು ಹೋದವನು ಭಜಿ ತಿನ್ನುತ್ತ ಯಾಕೆ ಕೂತೆ? ನಕ್ಕದ್ದು ಯಾರನ್ನು ನೋಡಿ? ಇನ್ನೊಂದು. ಲೋಕಾಪುರದ ಒಬ್ಬರು ಇದೇ ಜೀಪನ್ನು ಕೇಳಿದ್ದಾರೆ ಎಂದು ಪ್ರಭುಲಿಂಗನೇ ಹೇಳಿದ. ಹೆಸರು ಹೇಳಲಿಲ್ಲ. ಹೆಸರು ಹೇಳುವ ಅಗತ್ಯ ನನಗೂ ಕಾಣಲಿಲ್ಲ.

ನಮಗೆ ಬೇಡ ಅನ್ನಿಸಿ, ಆಮೇಲೆ ನೀನೇ ತಗೊಳ್ಳುವ ಲೆಕ್ಕವಿದ್ದರೆ ನೇರವಾಗಿ ಹೇಳು. ಅಪ್ಪ ತೀರಿಕೊಂಡ ಮರುತಿಂಗಳೇ ಅವನ ಕುದುರೆ ಚಂದ್ರಿಯನ್ನು ಯಾರಿಗೂ ಹೇಳದೆ ಮಾರಿದವನು ನೀನು. ಗೋಡೆಗೆ ಹಾಕಿದ ಫೋಟೋದ ಹಾರ ಇನ್ನೂ ಬಾಡಿರಲಿಲ್ಲ. ಚಂದ್ರಿಯ ಮೈ ತಿಕ್ಕದೆ ಅಪ್ಪ ಒಂದು ದಿನವೂ ಉಂಡವನಲ್ಲ. ಖಾಲಿ ಕೊಟ್ಟಿಗೆಯಲ್ಲಿ ನಿಂತು "ಕುದುರಿ ಎಲ್ಲೈತಿ?" ಎಂದು ನಾನು ಕೇಳಿದಾಗ ನೀನು ನೆಲ ನೋಡಿದೆ. ಆ ನೆಲ ನೋಡಿದ ಮುಖ ಈಗಲೂ ನನ್ನ ಕಣ್ಣ ಮುಂದೆ ಇದೆ. ಹೀಗಿರುವಾಗ ಗಾಡಿಯ ವಿಷಯದಲ್ಲಿ ನಿನ್ನ ಮಾತನ್ನು ಹೇಗೆ ನಂಬಲಿ, ನೀನೇ ಹೇಳು.

ರೇಷ್ಮಾ ಆ ಜೀಪನ್ನೇ ಹಿಡಿದು ಕೂತಿದ್ದಾಳೆ. ನಾನೂ ಹೂಂ ಅನ್ನುವ ಹಾದಿಯಲ್ಲಿದ್ದೇನೆ.

ತಾಯವ್ವ

---

ಲೋಕಾಪುರ
4 ಜುಲೈ

ಅಕ್ಕಾ,

ತಗೋ ಅಂದಿದ್ದರೆ ಅವನಿಂದ ಕಮಿಷನ್ ತಿಂದೆ ಎಂದು ನೀನು ಅನ್ನುತ್ತಿದ್ದೆ. ಬೇಡ ಅಂದರೆ ನನಗೇ ಬೇಕಾಗಿದೆ ಅನ್ನುತ್ತೀಯ. ಸುಮ್ಮನಿದ್ದರೆ ಅದಕ್ಕೂ ಒಂದು ಅರ್ಥ ಹಚ್ಚುತ್ತೀಯ. ನಾನು ಏನು ಅಂದರೆ ನಿನಗೆ ಸರಿ ಅನ್ನಿಸುತ್ತದೆ, ಅದನ್ನು ಬರೆದು ಕಳಿಸು. ನಾನು ಸಹಿ ಮಾಡಿ ವಾಪಸು ಕಳಿಸುತ್ತೇನೆ.

ಭಜಿ ತಿಂದದ್ದು ಖರೆ. ಗಿರಾಕಿಯ ಹಾಗೆ ನಟಿಸದೆ ಅವನು ಗಾಡಿಯ ಬಾಗಿಲು ತೆಗೆಯುತ್ತಿರಲಿಲ್ಲ. ನನ್ನ ತಮ್ಮ ಎಂದು ಹೇಳಬೇಡ ಎಂದು ನೀನೇ ಬರೆದಿದ್ದೆ. ಲೋಕಾಪುರದಿಂದ ಜೀಪು ಕೇಳಿದವರು ಯಾರು ಅಂತ ನಿನಗೆ ಇನ್ನೂ ತಿಳಿಯಲಿಲ್ಲವೇ? ಹಾಗೆ ನಟಿಸಿದ ನಾನೇ. ಅವನು ನಿಮ್ಮನ್ನು ಅವಸರ ಮಾಡಿಸಲು ಅದನ್ನೇ ಉಪಯೋಗಿಸುತ್ತಿದ್ದಾನೆ.

ನನ್ನನ್ನು ನಂಬಬೇಡ, ಬೆಲ್ಟ್ ಎಳೆದು ನೋಡು. ಜೋರಾಗಿ, ಕೊನೆ ಮುಟ್ಟುವವರೆಗೆ.

ಕುದುರೆ ಮಾರಿಲ್ಲ ಎಂದು ಆ ದಿನವೇ ಭಂಡಾರ ಮುಟ್ಟಿ ಹೇಳಿದ್ದೇನೆ. "ಸುಳ್ಳ ಭಂಡಾರ" ಅಂದು ತಟ್ಟೆ ಸರಿಸಿದವಳು ನೀನು. ಒಂದು ಸಲ ಹೇಳಿದ್ದನ್ನು ನಾನು ಮತ್ತೆ ಹೇಳುವುದಿಲ್ಲ.

ತುಕಾರಾಮ

---

ಜಮಖಂಡಿ
21 ಜುಲೈ

ತುಕಾರಾಮನಿಗೆ,

ಬೆಲ್ಟ್ ಎಳೆದೆ. ನಾನೇ ನನ್ನ ಕೈಯಿಂದ, ಇನ್ನು ಬರುವುದಿಲ್ಲ ಅನ್ನುವವರೆಗೆ ಎಳೆದೆ. ಒಂದು ಕಲೆ ಇಲ್ಲ. ಹೊಚ್ಚ ಹೊಸದು. ಹಾಸು ಎತ್ತಿದೆ, ಕೆಳಗೆ ಗುಡಿಸಿದ ಹಾಗಿದೆ.

ಹಳೆಯ ಗಾಡಿಗೆ ಹೊಸ ಬೆಲ್ಟ್ ಯಾಕೆ ಎಂದು ಕೇಳದೆ ಬಿಡುವಷ್ಟು ಪೆದ್ದಿಯೂ ನಾನಲ್ಲ. ಕೇಳಿದೆ. "ಹೆಣ್ಣಮಗಳು ಓಡಸಾಕಿ ಅದಾಳ್ರಿ. ನಾಳೆ ಏನರ ಆದ್ರ ನನ್ನ ಜೀವಕ್ಕ ಸಮಾಧಾನ ಇರಂಗಿಲ್ಲ ಅಂತ ನಾನ ಹಾಕ್ಸೇನಿ" ಅಂದ. ಲಿವರು ಎಳೆದು ತೋರಿಸು ಅಂದೆ. ಆರು ತಿಂಗಳಿಂದ ನಿಂತ ಗಾಡಿ, ಎಣ್ಣೆ ಬಿಟ್ಟರೆ ಸರಿಹೋಗುತ್ತದೆ ಅಂದ. ಪೂರ್ತಿ ನಂಬಿದೆ ಎಂದು ತಿಳಿಯಬೇಡ. ಆದರೆ ಅವನು ಪರಕೀಯ. ಪರರು ಸುಳ್ಳು ಹೇಳಿದರೆ ನನಗೆ ಸಿಟ್ಟು ಬರುತ್ತದೆ, ಅಷ್ಟೇ. ನೀನು ಸುಳ್ಳು ಹೇಳಿದರೆ ರಾತ್ರಿ ನಿದ್ದೆ ಬಾರದೆ ಎದ್ದು ಕೂರುತ್ತೇನೆ. ಆರು ವರ್ಷವಾದರೂ ಅದು ಕಡಿಮೆಯಾಗಿಲ್ಲ.

ಪಂಚಮಿ ಬಂತು. ಓಣಿಯ ಹೆಣ್ಣುಮಕ್ಕಳನ್ನು ಕರೆಯಲು ಅವರವರ ಅಣ್ಣತಮ್ಮಂದಿರು ಬರುತ್ತಿದ್ದಾರೆ. ಎದುರು ಮನೆಯವಳು ಬ್ಯಾಗು ಹಿಡಿದು ಕಟ್ಟೆಯ ಮೇಲೆ ಕೂತು, "ನಿಮಗ ಕರಿಯಾಕ ಬಂದಿಲ್ಲೇನ್ರಿ?" ಎಂದು ಕೇಳಿದಳು. ಸಾಲೆಗೆ ರಜೆ ಇಲ್ಲ ಅಂದೆ. ಎಲ್ಲ ಸಾಲೆಗಳಿಗೂ ರಜೆ ಇರುವುದು ಅವಳಿಗೂ ಗೊತ್ತು.

ಪಂಚಮಿ ಮುಗಿದ ಮರುದಿನ ಜೀಪು ಮನೆಗೆ ಬರುತ್ತದೆ. ಅದರ ಮುಂದಿನ ರವಿವಾರವೇ ರೇಷ್ಮಾ ಕುದುರೆ ಕಟ್ಟಿಕೊಂಡು ಮುಧೋಳಕ್ಕೆ ಹೋಗುತ್ತಾಳೆ. ಇನ್ನು ನೀನು ಬರೆಯುವ ಕಾರಣವಿಲ್ಲ.

ತಾಯವ್ವ

---

ಲೋಕಾಪುರ
24 ಜುಲೈ

ಅಕ್ಕಾ,

ಬರೆಯಬೇಡ ಅಂದರೂ ಬರೆಯುತ್ತಿದ್ದೇನೆ. ಅಂಚೆಯಲ್ಲಿ ತಡವಾಗುತ್ತದೆ ಎಂದು ಜಮಖಂಡಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಿದ್ದೇನೆ.

ಮಡಿಕೆ ಬಿಚ್ಚುವಾಗ ಜೋಪಾನ. ಒಳಗೆ ಭಂಡಾರ ಇದೆ. ಬೆಳಿಗ್ಗೆ ಸ್ನಾನ ಮಾಡಿ ಗುಡಿಗೆ ಹೋಗಿ ತಂದದ್ದು. ಅದನ್ನು ಮುಟ್ಟಿ ಬರೆಯುತ್ತೇನೆ. ನಾನು ನೋಡಿದ ದಿನ ಆ ಬೆಲ್ಟಿನಲ್ಲಿ ಕೆಸರಿನ ಗೆರೆ ಇತ್ತು. ಹಾಸಿನ ಕೆಳಗೆ ರಾಡಿ ಇತ್ತು. ನನಗೆ ಆ ಗಾಡಿ ಬೇಕಾಗಿಲ್ಲ. ಅವನಿಂದ ನಾನು ಭಜಿ ಬಿಟ್ಟು ಬೇರೇನೂ ತಿಂದಿಲ್ಲ. ಹಿಂದೆ ಎರಡು ಕುದುರೆಯ ಭಾರ ಇರುವ ಟ್ರೇಲರು ಇಳಿಜಾರಿನಲ್ಲಿ ದಬ್ಬುತ್ತಿರುವಾಗ ಆ ಬ್ರೇಕು ಒಳಗೆ ಹೋದರೆ ಏನಾಗುತ್ತದೆ ಎಂದು ನಾನು ಬರೆಯುವುದಿಲ್ಲ. ಆ ಹುಡುಗಿ ಅದರಲ್ಲಿ ಕೂರಬಾರದು.

ಇದಕ್ಕಿಂತ ದೊಡ್ಡದು ನನ್ನ ಹತ್ತಿರ ಏನೂ ಇಲ್ಲ. ಇದನ್ನೂ ಸುಳ್ಳು ಅಂದರೆ ಅನ್ನು.

ತುಕಾರಾಮ

---

ಜಮಖಂಡಿ
31 ಜುಲೈ

ತುಕಾರಾಮ,

ಕಂಡಕ್ಟರ ನಿನ್ನ ಕಾಗದವನ್ನು ನಾಲ್ಕೈದು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದ. ಪಂಚಮಿಯ ದಿನ ಕೈಗೆ ಬಂತು. ನಾನು ಉಂಡಿ ಕಟ್ಟುತ್ತಿದ್ದೆ, ಜೋಪಾನ ಅಂದದ್ದನ್ನು ಓದುವ ಮೊದಲೇ ಮಡಿಕೆ ಬಿಚ್ಚಿದೆ. ಭಂಡಾರವೆಲ್ಲ ಮಡಿಲಿಗೆ ಬಿತ್ತು. ಕೊಡವಲು ಮನಸ್ಸಾಗಲಿಲ್ಲ.

ಜೀಪು ಬೇಡ ಎಂದು ಹೇಳಿ ಕಳಿಸಿದೆ. ಮನೆಯವರು, "ಇನ್ನೊಬ್ಬ ಮೆಕ್ಯಾನಿಕ್ ಕರಸಿ ನೋಡೂಣಲ್ಲ" ಅಂದರು. ಯಾರೂ ನೋಡುವುದು ಬೇಡ ಅಂದೆ. ರೇಷ್ಮಾ ಅತ್ತಳು, ಊಟ ಬಿಟ್ಟಳು. ಪ್ರಭುಲಿಂಗನ ಸವಿಮಾತು ಅದೇ ದಿನ ಮುಗಿಯಿತು. "ಗಾಡಿ ತಗೊಳ್ಳೂ ಯೋಗ್ತಿ ಇಲ್ದವ್ರು ಯಾಕ ಬಂದ್ರಿ?" ಎಂದು ಫೋನಿನಲ್ಲಿ ಕೂಗಾಡಿದ. ಅವನ ದನಿ ಕೇಳಿ ನನಗೆ ಒಳಗೊಳಗೆ ಹಿತವಾಯಿತು. ಕೊನೆಗೂ ಒಂದು ಖರೆ ಮಾತು ಆಡಿದ ಅನ್ನಿಸಿತು.

ಆದರೆ ನೀನು ನನ್ನನ್ನು ಸರಿಯಾಗಿ ಸಿಕ್ಕಿಸಿದ್ದೀಯ. ಈ ಭಂಡಾರವನ್ನು ನಂಬಿ ಮಗಳನ್ನು ಆ ಗಾಡಿಯಿಂದ ಇಳಿಸಿದೆ. ನಂಬಿದ ಮೇಲೆ ಅಂದಿನ ಭಂಡಾರ ಸುಳ್ಳು ಎಂದು ಹೇಗೆ ಅನ್ನಲಿ? ದೇವರು ಒಬ್ಬನೇ, ಮುಟ್ಟಿದ ಕೈಯೂ ಒಂದೇ. ಮೂರು ದಿನದಿಂದ ಇದೇ ತಲೆಯಲ್ಲಿ ತಿರುಗುತ್ತಿದೆ. ಸಾಲೆಯಲ್ಲಿ ಎರಡನೆಯ ಇಯತ್ತೆಯವರಿಗೆ ನಾಲ್ಕನೆಯದರ ಪಾಠ ಮಾಡಿದೆ.

ನೀನು ಮಾರಿಲ್ಲ. ಒಪ್ಪಿದೆ. ಹಾಗಾದರೆ ಚಂದ್ರಿ ಎಲ್ಲಿ? ಯಾರಿಗೋ ಸುಮ್ಮನೆ ಕೊಟ್ಟೆಯಾ? ಕಳೆಯಿತೇ? ಮಾರದವನು ನೆಲ ಯಾಕೆ ನೋಡಿದೆ? ಈ ಸಲ ಉತ್ತರ ಬರಬೇಕು.

ತಾಯವ್ವ

---

ಲೋಕಾಪುರ
8 ಆಗಸ್ಟ್

ಅಕ್ಕಾ,

ಈ ಕಾಗದವನ್ನು ಒಬ್ಬಳೇ ಇರುವಾಗ ಓದು. ಓದಿ ಒಲೆಗೆ ಹಾಕು. ಅದಕ್ಕೇ ಸಾಲೆಯ ವಿಳಾಸಕ್ಕೆ ಹಾಕಿದ್ದೇನೆ.

ಅಪ್ಪ ಹೋದ ಮೇಲೆ ಚಂದ್ರಿ ಮೇವು ಬಿಟ್ಟಿದ್ದಳು. ಮೊದಲ ತಿಂಗಳ ಪೂಜೆಗೆ ನೀವೆಲ್ಲ ಬಂದಾಗ ನೋಡಿದ್ದೀಯ, ಮೈ ಇಳಿದುಹೋಗಿತ್ತು. ಆ ದಿನ ಹುಗ್ಗಿಗೆಂದು ಕುಟ್ಟಿ ಇಟ್ಟಿದ್ದ ಗೋದಿಯಲ್ಲಿ ಒಂದು ಬುಟ್ಟಿ ಉಳಿದಿತ್ತು. ನೀವು ಬಸ್ಸಿಗೆ ಹೊರಡುವ ಹೊತ್ತಿಗೆ ರೇಷ್ಮಾ ಕೊಟ್ಟಿಗೆಯಿಂದ ಓಡಿ ಬಂದಳು. ಕೈಯಲ್ಲಿ ಖಾಲಿ ಬುಟ್ಟಿ. "ಮಾಮಾ, ನನ್ನ ಕೈಯಾಗಿಂದ ಚಂದ್ರಿ ಪೂರಾ ತಿಂದ್ಲು! ಅಜ್ಜಾ ಇದ್ದಂಗ ತಿಂದ್ಲು!" ಅಂದಳು. ಅಜ್ಜ ಹೋದ ಮೇಲೆ ಆ ಹುಡುಗಿ ನಕ್ಕದ್ದು ಅದೇ ಮೊದಲು. ನಾನೂ ನಕ್ಕೆ. ಬಸ್ಸು ಹೋಯಿತು.

ಖಾಲಿ ಹೊಟ್ಟೆಯ ಕುದುರೆಗೆ ಅಷ್ಟು ಗೋದಿ ವಿಷವಿದ್ದ ಹಾಗೆ. ಹೊಟ್ಟೆ ಉಬ್ಬಿತು, ನೆಲಕ್ಕೆ ಬಿದ್ದು ಹೊರಳಿದಳು. ಡಾಕ್ಟರರನ್ನು ಕರೆತಂದೆ, ಕೈಲಾದದ್ದೆಲ್ಲ ಮಾಡಿದರು. ಮರುದಿನ ಮಧ್ಯಾಹ್ನ ಹೋದಳು. ಹೊಲದ ಬದುವಿನಲ್ಲಿ ಮಣ್ಣು ಮಾಡಿದೆ.

ನೀನು ಮತ್ತೆ ಬಂದು ಕೊಟ್ಟಿಗೆಯಲ್ಲಿ ನಿಂತು ಕೇಳಿದೆಯಲ್ಲ, ಆಗ ರೇಷ್ಮಾ ನಿನ್ನ ಹಿಂದೆಯೇ ನಿಂತಿದ್ದಳು. ಚಂದ್ರಿಗೆಂದು ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಬಂದಿದ್ದಳು. ಅವಳ ಮುಖ ನೋಡಲಾಗದೆ ನೆಲ ನೋಡಿದೆ. ಸತ್ತಳು ಅಂದರೆ ಹೇಗೆ ಎಂದು ಕೇಳುತ್ತಾಳೆ. ಹೇಗೆ ಎಂದು ಹೇಳಿದರೆ ಆ ಹುಡುಗಿ ಇನ್ನೊಂದು ಪ್ರಾಣಿಯ ಮೈ ಮುಟ್ಟುತ್ತಿರಲಿಲ್ಲ. ಮಾರಿಲ್ಲ ಅಂದೆ, ಮುಂದಿನದು ನುಂಗಿದೆ. ಆಮೇಲೆ ನಿನಗೊಬ್ಬಳಿಗೇ ಹೇಳಬೇಕು ಅಂದುಕೊಂಡಿದ್ದೆ. ಅಷ್ಟರಲ್ಲಿ ನೀನು ಭಂಡಾರ ಎತ್ತಿದೆ. ನನಗೂ ಹಟ ಬಂತು, ಸುಳ್ಳು ಹೇಳುವುದಿಲ್ಲ. ಸಾಯಲಿ, ಕಳ್ಳ ಅಂದವಳಿಗೆ ಯಾಕೆ ಹೇಳಬೇಕು ಅಂದುಕೊಂಡೆ. ಒಂದೊಂದು ಪಂಚಮಿ ಬಂದಾಗಲೂ ಟೆಂಪೋ ತೊಳೆದು ಇಡುತ್ತಿದ್ದೆ, ನಿನ್ನನ್ನು ಕರೆಯಲು ಹೊರಡುವವನ ಹಾಗೆ.

ಈಗ ಅವಳು ದನಕರುಗಳಿಗೆ ಔಷಧ ಕೊಡುವವಳು. ಒಂದು ಬುಟ್ಟಿ ಗೋದಿ ಎಂದರೆ ಸಾಕು, ಉಳಿದದ್ದು ಅವಳಿಗೇ ತಿಳಿಯುತ್ತದೆ. ನಿನ್ನ ಬಾಯಿಂದ ಬರಬಾರದು.

ನಿನ್ನ ತಮ್ಮ
ತುಕಾರಾಮ

---

ಜಮಖಂಡಿ
20 ಆಗಸ್ಟ್

ಚಿರಂಜೀವಿ ತುಕಾರಾಮನಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಕಾಗದ ಸುಟ್ಟೆ. ಸುಡುವ ಮೊದಲು ಮತ್ತೆ ಮತ್ತೆ ಓದಿದೆ. ಸಾಲೆಯ ಸ್ಟೋರ್ ರೂಮಿನಲ್ಲಿ ಬಿಸಿಯೂಟದ ಅಕ್ಕಿಚೀಲಗಳ ನಡುವೆ ಕೂತು ಅತ್ತೆ. ಅಡುಗೆಯವರು ಬಂದು ಯಾಕ್ರೀ ಟೀಚರ್ ಅಂದರು. ಕಣ್ಣಿಗೆ ಧೂಳು ಬಿತ್ತು ಅಂದೆ.

ಮೊದಲು ಹೊಳೆದದ್ದು, ನಾಳೆಯೇ ಗುಡಿಗೆ ಹೋಗಿ ಆಣೆ ಇಳಿಸಿಬಿಡಬೇಕು ಎಂದು. ಪೂಜಾರಿಯ ಹತ್ತಿರ ಹೋಗಿಯೂ ಬಂದೆ. ಅವನು ಪದ್ಧತಿ ನೆನಪಿಸಿದ. "ಇಬ್ರೂ ಮನಿ ಮಂದಿ ಕರ್ಕೊಂಡ ಬರ್ರಿ. ಆಣಿ ಯಾಕ ಹಾಕ್ಕೊಂಡ್ರಿ, ಈಗ ಯಾಕ ಬಿಡತೀರಿ, ಎಲ್ಲಾ ದೇವರ ಮುಂದ ಬಾಯಿಬಿಟ್ಟು ಹೇಳಬೇಕು." ಎಲ್ಲರ ನಡುವೆ ರೇಷ್ಮಾ ನಿಂತಿರುತ್ತಾಳೆ. ಖರೆ ಹೇಳಿದರೆ ಅವಳು ಕುಸಿಯುತ್ತಾಳೆ. ನೀನು ಮಾರಿದ್ದೆ, ನಾನು ಕ್ಷಮಿಸಿದೆ ಎಂದು ಬೀರಪ್ಪನ ಎದುರು ಸುಳ್ಳು ಹೇಳಲು ನನ್ನಿಂದಾಗದು. ನಿನ್ನ ತಲೆಯ ಮೇಲೆ ಆ ಸುಳ್ಳನ್ನು ಎರಡನೆಯ ಸಲ ಹೊರಿಸಲಾರೆ. ಬಹಳ ವಿಚಾರ ಮಾಡಿದೆ ತಮ್ಮಾ. ಆಣೆ ಇರಲಿ. ನಾವು ಮಾತು ಬಿಟ್ಟವರಾಗಿಯೇ ಇರೋಣ. ನೀನು ಬರೆಯುತ್ತಿರು.

ನಿನ್ನೆ ಊಟಕ್ಕೆ ಕೂತಾಗ ರೇಷ್ಮಾ ತಾನೇ ಮಾತು ತೆಗೆದಳು. "ಯವ್ವಾ, ಮಾಮಾಗ ಮಾಫ್ ಮಾಡಬೇ. ಜೀಪಿಂದು ಭಂಡಾರ ಮುಟ್ಟಿ ಖರೇನ ಹೇಳಿದ್ನಲ್ಲ. ಕುದುರಿ ಮಾರಿದ್ದು ಹಳೇ ಮಾತು, ಎಷ್ಟ ವರ್ಷ ಹಿಡ್ಕೊಂಡ ಕುಂದರ್ತಿ? ನೀ ಭಾಳ ಕಲ್ಲ ಮನಸಿನಾಕಿ ನೋಡು" ಅಂದಳು. "ನಿನಗ ತಿಳಿಯಂಗಿಲ್ಲ, ಸುಮ್ನ ಉಣ್ಣು" ಎಂದು ಗದರಿದೆ. ಹೌದು, ಕಲ್ಲು ಮನಸ್ಸಿನವಳೇ ಎಂದು ಅವಳು ತಿಳಿಯಲಿ. ನೀನು ಆರು ವರ್ಷ ಕಳ್ಳ ಅನ್ನಿಸಿಕೊಂಡೆ. ನಾನು ಇಷ್ಟನ್ನಾದರೂ ಅನ್ನಿಸಿಕೊಳ್ಳುತ್ತೇನೆ.

ಮುಧೋಳದ ಒಬ್ಬ ನಿವೃತ್ತ ಮಾಸ್ತರರ ಜೀಪು ಮಾರಾಟಕ್ಕಿದೆ. ಹೊಳೆ ನೋಡಿದ ಗಾಡಿಯಲ್ಲ ಎಂದು ಹೇಳುತ್ತಾರೆ. ನಿವೃತ್ತ ಮಾಸ್ತರರನ್ನೂ ನಾನು ಪೂರ್ತಿ ನಂಬುವುದಿಲ್ಲ. ಒಂದು ದಿನ ಓಡಿಸಿ ನೋಡಲು ಕೊಟ್ಟಿದ್ದಾರೆ. ಈ ರವಿವಾರ ರೇಷ್ಮಾ ಅದನ್ನು ಲೋಕಾಪುರಕ್ಕೆ ತರುತ್ತಾಳೆ. ಬಾನೆಟ್ ಎತ್ತು, ಬೆಲ್ಟ್ ಎಳೆ, ಕೆಳಗೆ ಮಲಗಿ ನೋಡು. ಅವಳ ಕೂಡ ಎಷ್ಟು ಬೇಕೋ ಅಷ್ಟು ಮಾತಾಡು. ಊಟ ಹಾಕಿಸು, ದವಾಖಾನೆಯ ಕಥೆ ಹೇಳಿಸು. ಚೆನ್ನಾಗಿ ಹೇಳುತ್ತಾಳೆ.

ನಾನು ಮುಂದಿನ ಸೀಟಿನಲ್ಲಿ ಕೂತಿರುತ್ತೇನೆ, ಇಳಿಯುವುದಿಲ್ಲ. ಕಿಟಕಿಯ ಗಾಜು ಮಾತ್ರ ಇಳಿಸಿರುತ್ತೇನೆ, ನಿನ್ನ ದನಿ ಕೇಳಿ ಬಹಳ ದಿನವಾಯಿತು. ನನ್ನ ಕಡೆ ನೋಡಿದರೆ ಮುಖ ಗಂಟು ಹಾಕಿಕೊಂಡೇ ನೋಡು. ಅಪ್ಪಿತಪ್ಪಿಯೂ ನಗಬೇಡ. ಹುಡುಗಿ ನನ್ನ ಹಾಗೆಯೇ ಸಂಶಯದವಳು, ಒಂದು ಸಲ ನಕ್ಕರೆ ಎಲ್ಲವನ್ನೂ ಕೆದಕುತ್ತಾಳೆ. ನಾನೂ ಆ ಕಡೆ ಮುಖ ತಿರುಗಿಸಿ ಕೂರುತ್ತೇನೆ. ಕಷ್ಟವಾಗುತ್ತದೆ, ಆದರೂ ಕೂರುತ್ತೇನೆ.

ನಿನ್ನ ಅಕ್ಕ
ತಾಯವ್ವ